ಗಣಕ ವಿದ್ಯಾರ್ಥಿಯೂ ಬರವಣಿಗೆಯ ವಿದ್ಯೆಯೂ

ಗಣಕವಿಜ್ಞಾನವನ್ನು ಅಭ್ಯಸಿಸುವ ನಮ್ಮ ತರುಣ ತರುಣಿಯರು ನಾಲ್ಕು ವರ್ಷಗಳ ಅವಧಿಯಲ್ಲಿ ಪ್ರೋಗ್ರಾಮಿಂಗ್ ಭಾಷೆಗಳನ್ನೂ ದತ್ತಾಂಶಗಳ ರಚನಾಕ್ರಮವನ್ನೂ ಆಪರೇಟಿಂಗ್ ಸಿಸ್ಟಮ್ಮಿನ ಒಳವ್ಯವಹಾರವನ್ನೂ ಶ್ರಮಪಟ್ಟು ಕಲಿಯುತ್ತಾರೆ. ಆದರೆ ಹಾಗೆ ಕಲಿತುದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಬರೆದು ತೋರಿಸುವ, ಸಭೆಯ ಮುಂದೆ ನಿಂತು ನಿರೂಪಿಸುವ ಕಲೆಯನ್ನು ಮಾತ್ರ, ಅದು ಪಾಠಕ್ರಮದ ಹೊರಗಿನ ವಿಷಯವೆಂದೋ, ಇಂಗ್ಲಿಷು ಚೆನ್ನಾಗಿ ಬಲ್ಲವರಿಗೆ ತಾನಾಗಿ ಒಲಿಯುವ ವರವೆಂದೋ ಭಾವಿಸಿ, ಕೊನೆಯ ಸೆಮಿಸ್ಟರಿನವರೆಗೂ ದೂರವಿಟ್ಟಿರುತ್ತಾರೆ. ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಬೇಕಾದ ದಿನ ಸಮೀಪಿಸಿದಾಗ ಹಿಂದಿನ ವರ್ಷದವರ ವರದಿಯೊಂದನ್ನು ಎದುರಿಗಿಟ್ಟುಕೊಂಡು ಅಧ್ಯಾಯಗಳನ್ನು ತುಂಬುವುದು, ಸೆಮಿನಾರಿನ ಹಿಂದಿನ ರಾತ್ರಿ ಸ್ಲೈಡುಗಳನ್ನು ಜೋಡಿಸುವುದು, ಮರುದಿನ ಪರದೆಯ ಕಡೆಗೆ ಮುಖ ತಿರುಗಿಸಿ ಅವನ್ನೇ ಓದಿ ಮುಗಿಸುವುದು, ಇದು ಅನೇಕ ಕಾಲೇಜುಗಳಲ್ಲಿ ಕಾಣಬರುವ ವಾಡಿಕೆ.

ಈ ವಾಡಿಕೆಯ ಬುಡದಲ್ಲಿರುವುದು ಒಂದು ತಪ್ಪು ತಿಳಿವಳಿಕೆ. ಕೆಲಸವು ಒಂದು, ಅದನ್ನು ಕುರಿತ ಬರಹವು ಮತ್ತೊಂದು. ಮೊದಲನೆಯದು ಮುಗಿದ ಬಳಿಕ ಎರಡನೆಯದನ್ನು ಹೇಗೋ ಪೂರೈಸಿದರಾಯಿತು ಎಂಬುದೇ ಆ ತಿಳಿವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ತನಗೆ ಗೊತ್ತಿದೆಯೆಂದು ಮನಸ್ಸು ಒಪ್ಪಿಕೊಂಡಿರುವ ಸಂಗತಿಯೊಂದನ್ನು, ತನ್ನನ್ನು ಕಾಣದ, ತನ್ನನ್ನು ಮರುಪ್ರಶ್ನೆ ಕೇಳಲಾರದ ಓದುಗನೊಬ್ಬನಿಗೆ ವಾಕ್ಯವಾಕ್ಯವಾಗಿ ತಿಳಿಸಲು ಹೊರಟಾಗ ಮಾತ್ರವೇ, ಆ ತಿಳಿವಿನಲ್ಲಿ ಲೋಪವೆಲ್ಲಿದೆ, ತರ್ಕದ ಯಾವ ಹಂತವನ್ನು ನಾವು ಗಮನಿಸದೆ ದಾಟಿಬಂದೆವು, ಯಾವುದನ್ನು ಬರಿಯ ನಂಬಿಕೆಯಿಂದ ಅಂಗೀಕರಿಸಿದೆವು ಎಂಬುದು ಗೋಚರವಾಗುತ್ತದೆ. ಆದಕಾರಣ ಬರವಣಿಗೆಯು ಗಣಕವಿದ್ಯೆಗೆ ಹೊರಗಿನಿಂದ ತೊಡಿಸತಕ್ಕ ಆಭರಣವಲ್ಲ. ಆ ವಿದ್ಯೆಯದೇ ಒಂದು ಅಂಗ, ಅದರ ಸತ್ಯಾಸತ್ಯಗಳನ್ನು ಪರೀಕ್ಷಿಸುವ ಸಾಧನ. ಈ ಅಂಗವನ್ನು ಮೊದಲ ವರ್ಷದಿಂದಲೇ ಕ್ರಮವಾಗಿ ಸಾಧಿಸಿಕೊಳ್ಳುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಶಾಸ್ತ್ರದ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ, 1972ರ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ಮಹನೀಯರು, ತಮ್ಮ ಆಲೋಚನೆಗಳನ್ನು ಕ್ರಮಸಂಖ್ಯೆಯಿತ್ತು ಟಿಪ್ಪಣಿಗಳಾಗಿ ಬರೆದಿಡುತ್ತ ಬಂದರು. ಅವರ ಜೀವಿತಾವಧಿಯಲ್ಲಿ ಆ ಟಿಪ್ಪಣಿಗಳ ಸಂಖ್ಯೆ 1300ನ್ನು ಮೀರಿತು, ಮತ್ತು ಅವುಗಳಲ್ಲಿ ಬಹುಭಾಗ ಮಸಿಯ ಪೆನ್ನಿನಿಂದ ಬರೆದ ಹಸ್ತಾಕ್ಷರದಲ್ಲಿಯೇ ಉಳಿದುಬಂದಿವೆ. ಗಣಿತದ ಒಲವಿನ ಜೊತೆಗೆ ತನ್ನ ಮಾತೃಭಾಷೆಯ ಮೇಲೆ ಅಸಾಧಾರಣವಾದ ಪ್ರಭುತ್ವವುಳ್ಳವನೇ ಸಮರ್ಥ ಪ್ರೋಗ್ರಾಮರನಾಗಬಲ್ಲನೆಂಬುದು 1975ರ ಟಿಪ್ಪಣಿಯೊಂದರಲ್ಲಿ ಅವರು ಪ್ರಕಟಿಸಿದ ಅಭಿಪ್ರಾಯ. ಸಂಕೇತಗಳಲ್ಲಿ ನುಸುಳುವ ದೋಷಗಳನ್ನು ಕಂಡುಹಿಡಿದು ತಿದ್ದುವ ವಿಧಾನಕ್ಕೆ ತಮ್ಮ ಹೆಸರನ್ನಿತ್ತ ರಿಚರ್ಡ್ ಹ್ಯಾಮಿಂಗ್ ಅವರೂ, 1986ರಲ್ಲಿ ಸಂಶೋಧಕರನ್ನುದ್ದೇಶಿಸಿ ಮಾಡಿದ ಭಾಷಣದಲ್ಲಿ, ಸ್ಪಷ್ಟವಾಗಿ ಬರೆಯುವುದು, ಸಭೆಯಲ್ಲಿ ವಿಧಿವತ್ತಾಗಿ ಉಪನ್ಯಾಸ ಮಾಡುವುದು, ಸಹೋದ್ಯೋಗಿಗಳ ನಡುವೆ ಸಂದರ್ಭೋಚಿತವಾಗಿ ಎದ್ದು ಮಾತನಾಡುವುದು ಎಂಬ ಮೂರನ್ನೂ ವಿಜ್ಞಾನಿಯು ಬೇರೆ ಬೇರೆಯಾಗಿ ಕಲಿಯಬೇಕೆಂದು ಬೋಧಿಸಿದರು.

ಓದುಗನ ನಿಶ್ಚಯ

ಬರೆಯಲು ಕುಳಿತವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಏನನ್ನು ಬರೆಯಲಿ’ ಎಂಬುದಲ್ಲ, ‘ಯಾರಿಗಾಗಿ ಬರೆಯಲಿ’ ಎಂಬುದು. ಊರಿಗೆ ಹೊಸಬನಾದವನಿಗೆ ಮನೆಯ ದಾರಿ ಹೇಳುವಾಗ ನಾವು ನಮಗೆ ರೂಢಿಯಾದ ಗುರುತುಗಳನ್ನು ಬಿಟ್ಟು ಅವನ ಕಣ್ಣಿಗೆ ಬೀಳುವ ಗುರುತುಗಳನ್ನೇ ಹೇಳುತ್ತೇವಷ್ಟೆ. ತಾಂತ್ರಿಕ ಬರಹದ ಧರ್ಮವೂ ಅದೇ. ನಿಮ್ಮ ತಂತ್ರಾಂಶವನ್ನು ಬಳಸಲು ಬಯಸುವ ಕಚೇರಿಯ ಗುಮಾಸ್ತನಿಗೆ ಅದರ ಒಳರಚನೆ ಬೇಕಾಗಿಲ್ಲ. ಯಾವ ಗುಂಡಿಯನ್ನೊತ್ತಿದರೆ ಏನಾಗುವುದೆಂಬುದು ಬೇಕು. ಮುಂದಿನ ವರ್ಷ ನಿಮ್ಮ ಕೋಡನ್ನು ಮುಂದುವರಿಸಲಿರುವ ಕಿರಿಯ ವಿದ್ಯಾರ್ಥಿಗೆ ಗುಂಡಿಗಳ ವಿವರ ಬೇಕಾಗಿಲ್ಲ. ಈ ಡೇಟಾಬೇಸನ್ನೇ ಏಕೆ ಆರಿಸಿದಿರಿ, ಆ ಇನ್ನೊಂದು ಮಾರ್ಗವನ್ನು ಏಕೆ ಕೈಬಿಟ್ಟಿರಿ ಎಂಬುದು ಬೇಕು. ಪರೀಕ್ಷಕರಿಗೆ ಇವೆರಡಕ್ಕಿಂತಲೂ ಹೆಚ್ಚಾಗಿ, ಹಿಂದೆ ಇದ್ದುದೆಷ್ಟು ಮತ್ತು ನೀವು ಹೊಸದಾಗಿ ಮಾಡಿದುದೆಷ್ಟು ಎಂಬ ವಿಂಗಡಣೆ ಬೇಕು. ಮೂವರಿಗೂ ಒಂದೇ ಬರಹದಲ್ಲಿ ಉತ್ತರ ಹೇಳಲು ಹೊರಟ ಲೇಖಕನು ಒಬ್ಬನಿಗೂ ಉತ್ತರ ಹೇಳಲಾರನು. ಆದ್ದರಿಂದ ಹಾಳೆಯ ತಲೆಯಲ್ಲಿ, ಆಮೇಲೆ ಅಳಿಸಿಹಾಕುವುದಕ್ಕಾಗಿಯಾದರೂ, ‘ಇದನ್ನು ಓದುವವರು ಇಂಥವರು, ಓದಿದ ಮೇಲೆ ಅವರು ಇಂಥ ಕೆಲಸವನ್ನು ಮಾಡಬಲ್ಲವರಾಗಬೇಕು’ ಎಂದು ಎರಡು ವಾಕ್ಯಗಳನ್ನು ಬರೆದುಕೊಂಡು ತೊಡಗುವುದು ಲೇಸು.

ಸಣ್ಣ ಬರಹಗಳ ಸಾಧನೆ

ಬರವಣಿಗೆಯ ಅಭ್ಯಾಸಕ್ಕೆ ನೂರು ಪುಟದ ವರದಿಯೇ ಬೇಕೆಂಬುದಿಲ್ಲ. ಗಣಕ ವಿದ್ಯಾರ್ಥಿಯ ನಿತ್ಯವ್ಯವಹಾರದಲ್ಲಿಯೇ ಪ್ರತಿದಿನ ಹತ್ತು ಸಣ್ಣ ಬರಹಗಳ ಅವಕಾಶ ಒದಗುತ್ತದೆ; ಅವನ್ನು ಅಲಕ್ಷ್ಯದಿಂದ ಕಳೆದುಕೊಳ್ಳುವುದೇ ನಮ್ಮ ದೌರ್ಬಲ್ಯಕ್ಕೆ ಮೂಲ.

ಮೊದಲನೆಯದು ಕಮಿಟ್ ಸಂದೇಶ. ಕೋಡಿನ ಬದಲಾವಣೆಗಳನ್ನು ದಾಖಲಿಸುವುದಕ್ಕಾಗಿ 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ನಿರ್ಮಿಸಿದ ಗಿಟ್ ಎಂಬ ಸಾಧನವನ್ನು ಇಂದು ಬಹುತೇಕ ಎಲ್ಲ ವಿದ್ಯಾರ್ಥಿಗಳೂ ಬಳಸುತ್ತಾರೆ. ಆದರೆ ‘ಫಿಕ್ಸ್’, ‘ಅಪ್‌ಡೇಟ್’, ‘ಫೈನಲ್’ ಎಂಬ ಒಂಟಿ ಪದಗಳೇ ಅದರ ಚರಿತ್ರೆಯನ್ನೆಲ್ಲ ತುಂಬಿರುತ್ತವೆ. ಬಲ್ಲವರ ಸಂಪ್ರದಾಯವೇ ಬೇರೆ: ಮೊದಲ ಸಾಲಿನಲ್ಲಿ ಸುಮಾರು 50 ಅಕ್ಷರಗಳಿಗೆ ಮೀರದಂತೆ ಆದ ಬದಲಾವಣೆಯ ಸಾರಾಂಶ, ಬಳಿಕ ಒಂದು ಖಾಲಿ ಸಾಲು, ಅನಂತರ ಆ ಬದಲಾವಣೆ ಏಕೆ ಅವಶ್ಯವಾಯಿತೆಂಬ ವಿವರಣೆ. ಏನು ಬದಲಾಯಿತೆಂಬುದನ್ನು ಕೋಡೇ ತೋರಿಸುತ್ತದೆ. ಏಕೆ ಬದಲಾಯಿತೆಂಬುದನ್ನು ಬರೆದವನಲ್ಲದೆ ಬೇರೆ ಯಾರೂ ಹೇಳಲಾರರು. ಕೋಡಿನ ನಡುವೆ ಬರೆಯುವ ಕಮೆಂಟುಗಳಿಗೂ ಇದೇ ನಿಯಮ ಸಲ್ಲುತ್ತದೆ.

ಎರಡನೆಯದು ಬಗ್ ರಿಪೋರ್ಟು, ಎಂದರೆ ದೋಷದ ವರದಿ. ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಅದು ದೂರೇ ಹೊರತು ವರದಿಯಾಗದು. ನಾನು ಮಾಡಿದುದೇನು, ಆಗಬೇಕೆಂದು ನಿರೀಕ್ಷಿಸಿದುದೇನು, ವಾಸ್ತವವಾಗಿ ಆದುದೇನು ಎಂಬ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಹೇಳಿ, ಯಾವ ಆವೃತ್ತಿ, ಯಾವ ಯಂತ್ರ ಎಂಬುದನ್ನು ಕೂಡಿಸಿ, ತೆರೆಯ ಮೇಲೆ ಮೂಡಿದ ದೋಷಸೂಚನೆಯನ್ನು ಒಂದಕ್ಷರವೂ ಬದಲಾಗದಂತೆ ಎತ್ತಿಕೊಟ್ಟು, ಆ ದೋಷವನ್ನು ಮತ್ತೆ ಹುಟ್ಟಿಸಬಲ್ಲ ಅತ್ಯಂತ ಚಿಕ್ಕ ಉದಾಹರಣೆಯನ್ನು ಲಗತ್ತಿಸಬೇಕು. ಆ ಚಿಕ್ಕ ಉದಾಹರಣೆಯನ್ನು ಹುಡುಕುತ್ತ ಕೋಡಿನ ಅನವಶ್ಯಕ ಭಾಗಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಂತೆ, ಎಷ್ಟೋ ವೇಳೆ ದೋಷದ ಕಾರಣವು ಬರೆಯುವವನಿಗೇ ಹೊಳೆದುಬಿಡುತ್ತದೆ. ವರದಿಯನ್ನು ಕಳುಹಿಸುವ ಅಗತ್ಯವೇ ಉಳಿಯುವುದಿಲ್ಲ. ಬರೆಯುವುದು ತಿಳಿಯುವುದಕ್ಕೆ ಸಾಧನವೆಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಾಗಿಲ್ಲ.

ಮೂರನೆಯದು ರೀಡ್‌ಮಿ, ಅಂದರೆ ತಂತ್ರಾಂಶದ ಪರಿಚಯಪತ್ರ. ಇದೇನು, ಇದು ಯಾರಿಗೆ, ಸ್ಥಾಪಿಸುವ ಕ್ರಮವೇನು, ಅತಿ ಸರಳವಾದ ಒಂದು ಬಳಕೆ ಯಾವುದು, ಇದರಿಂದ ಆಗದುದೇನು ಎಂಬ ಐದು ಪ್ರಶ್ನೆಗಳಿಗೆ ಈ ಅನುಕ್ರಮದಲ್ಲಿಯೇ ಉತ್ತರವಿದ್ದರೆ ಸಾಕು. ಬರೆದಾದ ಮೇಲೆ ಸಹಪಾಠಿಯೊಬ್ಬರ ಕೈಗೆ ಅದನ್ನಿತ್ತು, ಅವರು ಅದರಂತೆ ನಡೆಯುವುದನ್ನು ಬಾಯಿ ತೆರೆಯದೆ ನೋಡುತ್ತ ಕೂರಬೇಕು. ಅವರು ತಡವರಿಸಿದ ಸ್ಥಳವೇ ಬರಹವು ತಿದ್ದಲ್ಪಡಬೇಕಾದ ಸ್ಥಳ.

ಇದಕ್ಕೆ ಮೇಲುಪಂಕ್ತಿಯಾಗಿ ನೋಡತಕ್ಕ ಹಳೆಯ ಬರಹವೊಂದುಂಟು. ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಅವರು 1971ರ ನವೆಂಬರಿನಲ್ಲಿ ಹೊರತಂದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಪ್ರತಿಯೊಂದು ಆಜ್ಞೆಗೂ ಹೆಸರು, ಬಳಸುವ ರೀತಿ, ವಿವರಣೆ ಎಂಬ ಒಂದೇ ಅಚ್ಚಿನ ವಿಭಾಗಗಳಿದ್ದು, ‘ಬಗ್ಸ್’ ಎಂಬ ತಲೆಬರಹದ ಕೆಳಗೆ ಆ ಆಜ್ಞೆಯ ದೋಷಗಳನ್ನೂ ಕರ್ತೃಗಳೇ ಹೇಳುತ್ತಿದ್ದರು. ತನ್ನ ಕೃತಿಯ ಮಿತಿಯನ್ನು ತಾನೇ ಹೇಳುವ ಈ ಪ್ರಾಮಾಣಿಕತೆಯು ಓದುಗನ ವಿಶ್ವಾಸವನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ.

ಕನ್ನಡಿಗರಿಗಂತೂ ಇಂಥ ಕ್ರಮಬದ್ಧ ನಿರೂಪಣೆಯು ಪರದೇಶದಿಂದ ಬಂದ ಹೊಸ ಸರಕಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ನಿಯಮವನ್ನು ಕಂದಪದ್ಯದ ಸೂತ್ರವಾಗಿ ಹೇಳಿ, ಅದರ ಕೆಳಗೆ ಗದ್ಯದ ವೃತ್ತಿಯಿಂದ ವಿವರಿಸಿ, ಅನಂತರ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸುತ್ತಾನೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಈ ಮೂರು ಮೆಟ್ಟಿಲುಗಳನ್ನು ಇಂದಿನ ತಂತ್ರಾಂಶದ ಯಾವುದೇ ಫಂಕ್ಷನ್ನಿನ ವಿವರಣೆಗೆ ಹೊಂದಿಸಿ ನೋಡಿದರೆ, ಅವುಗಳಲ್ಲಿ ಒಂದನ್ನಾದರೂ ಬಿಡಲಾಗದು, ನಾಲ್ಕನೆಯದನ್ನು ಸೇರಿಸುವ ಅಗತ್ಯವೂ ಬಹುಮಟ್ಟಿಗೆ ಕಾಣದು.

ಒಂದು ಮಾದರಿ ಅಭ್ಯಾಸ

ತಿಳಿವನ್ನು ಬರಹದಿಂದ ಪರೀಕ್ಷಿಸುವುದು ಹೇಗೆಂಬುದಕ್ಕೆ ಎಲ್ಲರೂ ಎರಡನೆಯ ವರ್ಷದೊಳಗೆ ಕಲಿಯುವ ಬೈನರಿ ಸರ್ಚ್ ಎಂಬ ಕ್ರಮವಿಧಿಯನ್ನೇ ತೆಗೆದುಕೊಳ್ಳಬಹುದು. ಅದನ್ನು ಕೋಡಿನ ಒಂದು ಸಾಲೂ ಇಲ್ಲದಂತೆ, ಹತ್ತನೆಯ ತರಗತಿಯ ಹುಡುಗಿಗೆ ತಿಳಿಯುವ ಕನ್ನಡದಲ್ಲಿ, ಒಂದು ಪುಟದಲ್ಲಿ ವಿವರಿಸಬೇಕು. ಮೊದಲ ವಾಕ್ಯದಲ್ಲಿಯೇ ಎಡವು ಕಾಣಿಸಿಕೊಳ್ಳುತ್ತದೆ: ಪಟ್ಟಿಯು ಮೊದಲೇ ಏರಿಕೆಯ ಕ್ರಮದಲ್ಲಿ ಜೋಡಣೆಗೊಂಡಿರಬೇಕೆಂಬ ನಿಬಂಧನೆಯನ್ನು ಹೇಳಲು ಮರೆತಿರುತ್ತೇವೆ. ನಡುವಿನ ಸ್ಥಾನವನ್ನು ನೋಡಬೇಕೆಂದು ಬರೆದೊಡನೆ, ಪಟ್ಟಿಯಲ್ಲಿರುವ ಸಂಖ್ಯೆಗಳ ಎಣಿಕೆ ಸಮವಾಗಿದ್ದಾಗ ನಡುವೆಂಬುದು ಯಾವುದೆಂಬ ಪ್ರಶ್ನೆ ಏಳುತ್ತದೆ. ಹುಡುಕುವ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕು, ಪಟ್ಟಿಯೇ ಬರಿದಾಗಿದ್ದರೆ ಏನನ್ನು ಹೇಳಬೇಕು, ಒಂದೇ ಸಂಖ್ಯೆ ಎರಡು ಬಾರಿ ಬಂದಿದ್ದರೆ ಯಾವುದನ್ನು ತೋರಿಸಬೇಕು, ಇವೆಲ್ಲವೂ ಪರೀಕ್ಷೆಗೆಂದು ಕೋಡನ್ನು ಬಾಯಿಪಾಠ ಮಾಡಿದಾಗ ಹೊಳೆಯದೆ ಉಳಿದ ಪ್ರಶ್ನೆಗಳು.

ಇವು ಕ್ಷುಲ್ಲಕವೆಂದು ಭಾವಿಸತಕ್ಕದ್ದಲ್ಲ. ಈ ವಿಧಾನವು ಮುದ್ರಣದಲ್ಲಿ ಮೊದಲು ಪ್ರಸ್ತಾಪಗೊಂಡದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗಳಿಗೂ ಸರಿಯಾಗಿ ಸಲ್ಲುವ ರೂಪವು ಪ್ರಕಟವಾಗಲು ಅನಂತರ ಹತ್ತು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು. ಜಾವಾ ಭಾಷೆಯ ಗ್ರಂಥಾಲಯದಲ್ಲಿ ಎಷ್ಟೋ ವರ್ಷಗಳಿಂದ ನಿಶ್ಚಿಂತೆಯಿಂದ ಬಳಕೆಯಲ್ಲಿದ್ದ ಇದೇ ಕ್ರಮವಿಧಿಯಲ್ಲಿ ಕೆಳಗಿನ ಮತ್ತು ಮೇಲಿನ ಸ್ಥಾನಗಳನ್ನು ಕೂಡಿಸುವಾಗ, ಪಟ್ಟಿ ಅತಿ ದೊಡ್ಡದಾಗಿದ್ದಲ್ಲಿ, ಮೊತ್ತವು ಯಂತ್ರದ ಪೂರ್ಣಾಂಕದ ಮಿತಿಯನ್ನು ಮೀರಿ ಋಣಸಂಖ್ಯೆಯಾಗಿಬಿಡುವುದೆಂಬ ದೋಷವನ್ನು ಜೋಷುವಾ ಬ್ಲಾಖ್ 2006ರಲ್ಲಿ ಪ್ರಕಟಪಡಿಸಿದರು. ‘ಎರಡನ್ನು ಕೂಡಿಸು’ ಎಂಬ ಪದಗಳ ಹಿಂದೆ ಅಡಗಿದ್ದ ‘ಮೊತ್ತವು ಮಿತಿಯೊಳಗಿದ್ದರೆ’ ಎಂಬ ಹೇಳದ ನಿಬಂಧನೆಯನ್ನು ಬರೆದಿಡಬೇಕೆಂದು ಯಾರಿಗೂ ತೋರಿರಲಿಲ್ಲ.

ಪ್ರಾಜೆಕ್ಟ್ ವರದಿಯ ರಚನೆ

ವರದಿಯನ್ನು ಕೊನೆಯ ತಿಂಗಳಿನಲ್ಲಿ ಆರಂಭಿಸುವುದೇ ಅದರ ಮೊದಲ ದೋಷ. ಹ್ಯಾಸ್ಕೆಲ್ ಭಾಷೆಯ ನಿರ್ಮಾತೃಗಳಲ್ಲೊಬ್ಬರಾದ ಸೈಮನ್ ಪೇಟನ್ ಜೋನ್ಸ್ ಸಂಶೋಧಕರಿಗೆ ನೀಡುತ್ತ ಬಂದಿರುವ ಸಲಹೆಯೇನೆಂದರೆ, ಕೆಲಸ ಮುಗಿದ ಮೇಲೆ ಬರೆಯುವುದಲ್ಲ, ಬರೆಯುತ್ತಲೇ ಕೆಲಸವನ್ನು ನಡೆಸಬೇಕು. ಬರೆಯುವಾಗ ಕಂಡ ಕೊರತೆಯೇ ಮುಂದಿನ ಕೆಲಸವನ್ನು ಸೂಚಿಸುತ್ತದೆ. ಪ್ರಾಜೆಕ್ಟಿನ ಮೊದಲ ವಾರದಿಂದಲೇ ಒಂದು ದಿನಚರಿಯನ್ನಿಟ್ಟು, ಕೈಗೊಂಡ ನಿರ್ಧಾರ, ಅದರ ಕಾರಣ, ನಡೆಸಿದ ಪ್ರಯೋಗ, ದೊರೆತ ಅಂಕಿ ಇವನ್ನು ತಾರೀಖು ಸಹಿತ ಬರೆದಿಡುವ ವಿದ್ಯಾರ್ಥಿಗೆ ವರದಿಯ ಅರ್ಧಭಾಗ ತಾನಾಗಿಯೇ ಸಿದ್ಧವಾಗಿರುತ್ತದೆ.

ವರದಿಯು ಓದುಗನಿಗೆ ಕಾಣಿಸುವ ಕ್ರಮ ಬೇರೆ, ಅದನ್ನು ಬರೆಯುವ ಕ್ರಮ ಬೇರೆ. ಓದುಗನು ಮೊದಲು ಸಾರಾಂಶವನ್ನೂ, ಬಳಿಕ ಸಮಸ್ಯೆಯ ನಿರೂಪಣೆ, ಹಿಂದಿನವರ ಕೆಲಸ, ನಮ್ಮ ವಿಧಾನ, ಫಲಿತಾಂಶ, ಮಿತಿಗಳು ಇವನ್ನೂ ಕ್ರಮವಾಗಿ ಕಾಣುತ್ತಾನೆ. ಬರೆಯುವವನಾದರೋ ಫಲಿತಾಂಶದ ಕೋಷ್ಟಕಗಳನ್ನೂ ಚಿತ್ರಗಳನ್ನೂ ಮೊದಲು ಸಿದ್ಧಪಡಿಸಿ, ಅವುಗಳನ್ನು ಹೇಗೆ ಪಡೆದೆನೆಂಬ ವಿಧಾನವನ್ನು ಅನಂತರ ಬರೆದು, ಪೀಠಿಕೆಯನ್ನು ಆಮೇಲೆ ರಚಿಸಿ, ಸಾರಾಂಶವನ್ನು ಎಲ್ಲಕ್ಕಿಂತ ಕಡೆಯಲ್ಲಿ ಬರೆಯುವುದು ಸುಗಮ. ಏಕೆಂದರೆ ಇನ್ನೂ ಇಲ್ಲದ ಬರಹದ ಸಾರವನ್ನು ಯಾರೂ ಹಿಂಡಿ ತೆಗೆಯಲಾರರು. ಪೀಠಿಕೆಯಲ್ಲಿ ಗಣಕಯಂತ್ರದ ಉಗಮದಿಂದ ತೊಡಗಿ ಪುಟಗಳನ್ನು ವ್ಯಯಿಸುವುದು ಸಲ್ಲದು. ಸಮಸ್ಯೆ ಇಂಥದು, ಅದಕ್ಕೆ ಈವರೆಗೆ ಇದ್ದ ಪರಿಹಾರ ಇಂಥದು, ಅದರಲ್ಲಿದ್ದ ಕೊರತೆ ಇಂಥದು, ನಾವು ಮಾಡಿದುದು ಇಂಥದು ಎಂಬ ನಾಲ್ಕು ವಾಕ್ಯಗಳು ಮೊದಲ ಪುಟದಲ್ಲಿಯೇ ಸಿಕ್ಕಿದರೆ ಪರೀಕ್ಷಕರು ಮುಂದಿನ ಪುಟಗಳನ್ನು ಆಸ್ಥೆಯಿಂದ ತಿರುವುತ್ತಾರೆ.

ಫಲಿತಾಂಶವನ್ನು ಹೇಳುವಲ್ಲಿ ವಿಶೇಷಣಗಳನ್ನು ತ್ಯಜಿಸಿ ಅಂಕಿಗಳನ್ನು ಆಶ್ರಯಿಸಬೇಕು. ‘ನಮ್ಮ ವಿಧಾನವು ಅತ್ಯಂತ ವೇಗವಾಗಿದೆ’ ಎಂಬುದು ಪ್ರಶಂಸೆ. ‘10,000 ದಾಖಲೆಗಳ ಪಟ್ಟಿಯಲ್ಲಿ ಹಳೆಯ ವಿಧಾನಕ್ಕೆ 80 ಮಿಲಿಸೆಕೆಂಡು ಹಿಡಿದ ಹುಡುಕಾಟವನ್ನು ಅದೇ ಯಂತ್ರದಲ್ಲಿ ನಮ್ಮ ವಿಧಾನವು 12 ಮಿಲಿಸೆಕೆಂಡಿನಲ್ಲಿ ಮುಗಿಸಿತು’ ಎಂಬಂಥ ವಾಕ್ಯವು ಸಾಕ್ಷ್ಯ. ಪ್ರತಿಯೊಂದು ನಕ್ಷೆಯ ಎರಡು ಅಕ್ಷಗಳಿಗೂ ಹೆಸರೂ ಮಾನವೂ ಇರಬೇಕು. ಪ್ರತಿಯೊಂದು ಚಿತ್ರವನ್ನೂ ಕುರಿತು ವರದಿಯ ಒಡಲಿನಲ್ಲಿ ಒಂದು ಮಾತಾದರೂ ಬರಬೇಕು. ಪ್ರಯೋಗ ವಿಫಲವಾದ ಸಂದರ್ಭಗಳನ್ನು ಮರೆಮಾಚದೆ ಬರೆಯುವುದು ಮುಂದಿನವರಿಗೆ ಮಾಡುವ ಉಪಕಾರ.

ಇಲ್ಲಿ ಕೃತಿಚೌರ್ಯದ ವಿಷಯವನ್ನೂ ಹೇಳದೆ ವಿಧಿಯಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಪ್ರೌಢಪ್ರಬಂಧಗಳಲ್ಲಿ ಇತರರ ಬರಹದೊಡನೆ ಇರುವ ಸಾಮ್ಯವನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದೆ: ಶೇಕಡ 10ರವರೆಗೆ ದಂಡನೆಯಿಲ್ಲ, 10ರಿಂದ 40ರವರೆಗೆ ಇದ್ದಲ್ಲಿ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, 40ರಿಂದ 60ರವರೆಗೆ ಇದ್ದಲ್ಲಿ ಒಂದು ವರ್ಷದ ನಿರ್ಬಂಧ, 60ನ್ನು ಮೀರಿದರೆ ನೋಂದಣಿಯೇ ರದ್ದು. ಆದರೆ ದಂಡನೆಯ ಭಯಕ್ಕಿಂತಲೂ ದೊಡ್ಡ ಕಾರಣವೊಂದಿದೆ. ಅನ್ಯರ ವಾಕ್ಯವನ್ನು ಎತ್ತಿಟ್ಟವನು, ಬರವಣಿಗೆಯು ತನ್ನ ತಿಳಿವಿಗೆ ಒಡ್ಡಬೇಕಾಗಿದ್ದ ಪರೀಕ್ಷೆಯನ್ನು ತಾನೇ ತಪ್ಪಿಸಿಕೊಂಡಂತಾಯಿತು. ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುವ ಚಾಟ್‌ಜಿಪಿಟಿಯಂಥ ಯಂತ್ರಗಳ ವಿಷಯದಲ್ಲಿಯೂ ಇದೇ ವಿವೇಕ ಸಲ್ಲುತ್ತದೆ: ತಾನು ಬರೆದುದರಲ್ಲಿ ವ್ಯಾಕರಣದ ತಪ್ಪನ್ನು ತೋರಿಸೆಂದೋ, ಅಸ್ಪಷ್ಟವಾದ ವಾಕ್ಯ ಯಾವುದೆಂದೋ ಅವುಗಳನ್ನು ಕೇಳುವುದು ವಿದ್ಯಾರ್ಥಿಗೆ ಸಹಾಯಕ, ತನ್ನ ಬದಲಿಗೆ ಬರೆಯಿಸಿಕೊಳ್ಳುವುದು ಹಾನಿಕಾರಕ.

ಪದನಿಷ್ಠೆ

ಕಾವ್ಯದಲ್ಲಿ ಒಂದೇ ವಸ್ತುವನ್ನು ಹಲವು ಹೆಸರುಗಳಿಂದ ಕರೆಯುವುದು ಸೊಗಸು. ತಾಂತ್ರಿಕ ಬರಹದಲ್ಲಿ ಅದು ದೋಷ. ಮೊದಲ ಪುಟದಲ್ಲಿ ‘ಬಳಕೆದಾರ’ನೆನಿಸಿಕೊಂಡವನು ಮೂರನೆಯ ಪುಟದಲ್ಲಿ ‘ಗ್ರಾಹಕ’ನಾಗಿ, ಐದನೆಯ ಪುಟದಲ್ಲಿ ‘ಸದಸ್ಯ’ನಾಗಿಬಿಟ್ಟರೆ ಇವರು ಮೂವರೋ ಒಬ್ಬನೋ ಎಂಬ ಸಂದೇಹ ಓದುಗನನ್ನು ಕಾಡುತ್ತದೆ. ಅಂತರ್ಜಾಲದ ನಿಯಮಗಳನ್ನು ರಚಿಸುವವರು ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೆಂಬುದು ಗಮನಾರ್ಹ. 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಬರೆದ ಮೊದಲ ಪತ್ರದಿಂದ ಆರಂಭವಾದ ‘ಆರ್‌ಎಫ್‌ಸಿ’ ಎಂಬ ಲೇಖನಮಾಲೆಯಲ್ಲಿ 1997ರ 2119ನೆಯ ಲೇಖನವು, ನಿಯಮಗಳಲ್ಲಿ ಬರುವ ‘ಮಾಡಲೇಬೇಕು’, ‘ಮಾಡುವುದು ಉಚಿತ’, ‘ಮಾಡಬಹುದು’ ಎಂಬರ್ಥದ ಪದಗಳಿಗೆ ಇಷ್ಟೇ ಅರ್ಥ, ಇದಕ್ಕಿಂತ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಮೇರೆ ಹಾಕಿಕೊಡುವುದಕ್ಕಾಗಿಯೇ ಬರೆಯಲ್ಪಟ್ಟಿತು.

ಮಾನಗಳ ವಿಷಯದಲ್ಲಿ ಈ ಎಚ್ಚರ ತಪ್ಪಿದರೆ ಒದಗುವ ಅನರ್ಥಕ್ಕೆ ಮಂಗಳಗ್ರಹದ ಹವಾಮಾನವನ್ನು ಅಧ್ಯಯನ ಮಾಡಲು ಅಮೆರಿಕವು ಕಳುಹಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯೇ ಸಾಕ್ಷಿ. ಭೂಮಿಯ ಮೇಲಿನ ತಂತ್ರಾಂಶವೊಂದು ನೂಕುಬಲದ ಅಂಕಿಗಳನ್ನು ಪೌಂಡ್ ಮಾನದಲ್ಲಿ ಹೊರಡಿಸುತ್ತಿದ್ದರೆ, ಅವನ್ನು ಸ್ವೀಕರಿಸುವ ತಂತ್ರಾಂಶವು ಲಿಖಿತ ನಿಬಂಧನೆಯಂತೆ ಅವು ನ್ಯೂಟನ್ ಮಾನದಲ್ಲಿವೆಯೆಂದೇ ಎಣಿಸುತ್ತಿತ್ತು. ಈ ಎರಡು ಮಾನಗಳ ನಡುವಣ ಅಂತರ ಸುಮಾರು ನಾಲ್ಕೂವರೆಪಟ್ಟು. 1999ರ ಸೆಪ್ಟೆಂಬರ್ 23ರಂದು ನೌಕೆಯು ಉದ್ದೇಶಿತ ಎತ್ತರಕ್ಕಿಂತ ಬಹು ಕೆಳಗೆ ಇಳಿದು ನಾಶವಾಯಿತು. ಅಂಕಿಯ ಪಕ್ಕದಲ್ಲಿ ಮಾನವನ್ನು ಬರೆಯಿರೆಂದು ಹೈಸ್ಕೂಲಿನ ಮೇಷ್ಟರು ಪದೇ ಪದೇ ಹೇಳುವ ಮಾತು ಎಷ್ಟು ಗಂಭೀರವಾದುದೆಂಬುದನ್ನು ಇದರಿಂದ ತಿಳಿಯಬಹುದು.

ಸಭೆಯ ಮುಂದೆ

ಬರಹದಲ್ಲಿ ಓದುಗನು ಹಿಂದಿರುಗಿ ನೋಡಬಲ್ಲನು. ಸಭೆಯಲ್ಲಿ ಕುಳಿತ ಶ್ರೋತೃವಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಭಾಷಣವು ಬರಹದ ಸಂಕ್ಷೇಪವಾಗದೆ, ಅದರಲ್ಲಿನ ಒಂದು ಮುಖ್ಯ ವಿಚಾರದ ಸ್ಪಷ್ಟ ಪ್ರತಿಪಾದನೆಯಾಗಬೇಕು. ಹದಿನೈದು ನಿಮಿಷಗಳ ಸೆಮಿನಾರಿನಲ್ಲಿ ಆರು ತಿಂಗಳ ಕೆಲಸವನ್ನೆಲ್ಲ ತುಂಬಲು ಯತ್ನಿಸುವವನು ಏನನ್ನೂ ಉಳಿಸಿಹೋಗುವುದಿಲ್ಲ. ಕೇಳಿದವರು ಮನೆಗೆ ಹೋಗಿ ಒಂದು ವಾಕ್ಯವನ್ನು ಹೇಳುವುದಾದರೆ ಅದು ಯಾವುದಾಗಿರಬೇಕೆಂದು ಮೊದಲು ನಿಶ್ಚಯಿಸಿ, ಅದಕ್ಕೆ ಪೋಷಕವಲ್ಲದುದನ್ನು, ಅದೆಷ್ಟೇ ಶ್ರಮದಿಂದ ಸಾಧಿಸಿದುದಾಗಿರಲಿ, ನಿರ್ದಾಕ್ಷಿಣ್ಯವಾಗಿ ಬಿಡಬೇಕು.

ಎರಡನೆಯ ನಿಯಮವೆಂದರೆ, ಸಿದ್ಧಾಂತಕ್ಕೆ ಮೊದಲು ಉದಾಹರಣೆ. 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮ್ಮೇಳನದಲ್ಲಿ ತೊಂಬತ್ತು ನಿಮಿಷಗಳ ಕಾಲ ಮೌಸ್, ಹೈಪರ್‌ಟೆಕ್ಸ್ಟ್, ದೂರದಲ್ಲಿದ್ದ ಸಹೋದ್ಯೋಗಿಯೊಡನೆ ಚಿತ್ರಸಹಿತ ಸಂಭಾಷಣೆ ಮೊದಲಾದ, ಅಂದಿನವರು ಕಂಡರಿಯದ ಅದ್ಭುತಗಳನ್ನು ಪ್ರದರ್ಶಿಸಿದರು. ಅಷ್ಟು ನೂತನವಾದ ಯಂತ್ರವನ್ನು ಪರಿಚಯಿಸಲು ಅವರು ಆರಿಸಿಕೊಂಡುದು ಅಂಗಡಿಯಿಂದ ಕೊಳ್ಳಬೇಕಾದ ಪದಾರ್ಥಗಳ ಒಂದು ಸಾಮಾನ್ಯ ಪಟ್ಟಿಯನ್ನು; ಆ ಪಟ್ಟಿಯನ್ನು ತೆರೆಯ ಮೇಲೆ ಬರೆದು, ವಿಂಗಡಿಸಿ, ಮರುಜೋಡಿಸಿ ತೋರಿಸಿದಾಗ ಸಭೆಗೆ ಯಂತ್ರದ ಮಹತ್ತ್ವ ವ್ಯಾಖ್ಯಾನವಿಲ್ಲದೆಯೇ ಅರ್ಥವಾಯಿತು. ವಸ್ತು ಎಷ್ಟು ಹೊಸದೋ ಉದಾಹರಣೆ ಅಷ್ಟು ಪರಿಚಿತವಾಗಿರಬೇಕೆಂಬ ತತ್ತ್ವವನ್ನು ಇಲ್ಲಿಂದ ಗ್ರಹಿಸಬಹುದು. ಇಂಥ ಪ್ರತ್ಯಕ್ಷ ಪ್ರದರ್ಶನವನ್ನು ಮಾಡುವವರು ಕಾಲೇಜಿನ ವೈಫೈ ಕೈಕೊಡುವ ಸಂಭವವನ್ನು ನೆನೆದು, ಅದೇ ಪ್ರದರ್ಶನದ ಚಿತ್ರಮುದ್ರಿಕೆಯೊಂದನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು.

ಮೂರನೆಯದು ಸ್ಲೈಡುಗಳ ವಿಷಯ. ಮುಖ್ಯ ಸಂಗತಿಯು ಸ್ಲೈಡಿನಲ್ಲಿ ಹೇಗೆ ಅಡಗಿಹೋಗಬಹುದೆಂಬುದಕ್ಕೆ ಒಂದು ನಿದರ್ಶನವುಂಟು. 2003ರ ಜನವರಿ 16ರಂದು ಮೇಲೇರಿದ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಎಡರೆಕ್ಕೆಗೆ, ಉಡಾವಣೆಯಾಗಿ ಸುಮಾರು 82 ಸೆಕೆಂಡುಗಳಲ್ಲಿ, ಇಂಧನದ ತೊಟ್ಟಿಯಿಂದ ಕಳಚಿದ ಫೋಮಿನ ತುಂಡೊಂದು ಬಡಿಯಿತು. ನೌಕೆ ಆಕಾಶದಲ್ಲಿದ್ದಾಗಲೇ ಎಂಜಿನಿಯರುಗಳು ಆ ಆಘಾತದ ಪರಿಣಾಮವನ್ನು ವಿಶ್ಲೇಷಿಸಿ ಅಧಿಕಾರಿಗಳಿಗೆ ಸ್ಲೈಡುಗಳ ರೂಪದಲ್ಲಿ ಒಪ್ಪಿಸಿದರು. ಅವುಗಳಲ್ಲೊಂದರ ಶಿರೋನಾಮೆಯು ನಿಶ್ಚಿಂತೆಯನ್ನು ಸೂಚಿಸುವಂತಿತ್ತು. ಆದರೆ ಅದೇ ಸ್ಲೈಡಿನ ಕಟ್ಟಕಡೆಯ ಉಪಸಾಲುಗಳಲ್ಲಿ, ಸಣ್ಣ ಅಕ್ಷರಗಳಲ್ಲಿ, ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಈಗ ಬಡಿದುದರ ಅಂದಾಜು ಗಾತ್ರ 1,920 ಘನ ಅಂಗುಲ ಎಂಬ ಸಂಗತಿ ಅಡಗಿತ್ತು. ಎಂದರೆ ಪರೀಕ್ಷೆಗೂ ವಾಸ್ತವಕ್ಕೂ 640 ಪಟ್ಟು ಅಂತರ; ಆ ಪರೀಕ್ಷೆಗಳಿಂದ ಯಾವ ಸಮಾಧಾನವನ್ನೂ ಹೊಂದುವಂತಿರಲಿಲ್ಲ. ಫೆಬ್ರವರಿ 1ರಂದು ಮರಳುವ ಹಾದಿಯಲ್ಲಿ ನೌಕೆ ಛಿದ್ರವಾಗಿ, ನಮ್ಮ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರನ್ನೂ ಒಳಗೊಂಡು ಏಳು ಮಂದಿ ಪ್ರಾಣ ತೆತ್ತರು. ಆ ಒಂದು ಸ್ಲೈಡೇ ದುರಂತಕ್ಕೆ ಕಾರಣವೆಂದು ಹೇಳಲಾಗದು. ಆದರೆ ಮಾಹಿತಿಯ ದೃಶ್ಯನಿರೂಪಣೆಯಲ್ಲಿ ತಜ್ಞರಾದ ಎಡ್ವರ್ಡ್ ಟಫ್ಟಿ ಅದನ್ನು ಸಾಲುಸಾಲಾಗಿ ವಿಮರ್ಶಿಸಿದರು, ಮತ್ತು ತನಿಖಾ ಮಂಡಲಿಯು ತನ್ನ ವರದಿಯಲ್ಲಿ ಆ ವಿಮರ್ಶೆಯನ್ನು ಸೇರಿಸಿಕೊಂಡು, ತಾಂತ್ರಿಕ ಲೇಖನಗಳ ಸ್ಥಾನವನ್ನು ಸ್ಲೈಡುಗಳು ಆಕ್ರಮಿಸಿದ ಪದ್ಧತಿಯನ್ನು ಆಕ್ಷೇಪಿಸಿತು.

ಇದರಿಂದ ವಿದ್ಯಾರ್ಥಿಯು ಕಲಿಯಬೇಕಾದುದು ಸ್ಪಷ್ಟ. ಅತ್ಯಂತ ಮುಖ್ಯವಾದ ಸಂಗತಿಯು ಶಿರೋನಾಮೆಯಲ್ಲಿಯೇ, ಪೂರ್ಣವಾಕ್ಯವಾಗಿ ಬರಬೇಕು. ‘ಫಲಿತಾಂಶ’ ಎಂಬ ಒಂಟಿ ಪದದ ಬದಲು ‘ಪರೀಕ್ಷಿಸಿದ ಗಾತ್ರಕ್ಕೆ ಮೀರಿದರೆ ಈ ವಿಧಾನ ನಂಬಲರ್ಹವಲ್ಲ’ ಎಂದು ಬರೆದಾಗ, ನಿದ್ದೆಗಣ್ಣಿನಲ್ಲಿದ್ದವನಿಗೂ ಸಂಗತಿ ತಲಪುತ್ತದೆ. ಒಂದು ಸ್ಲೈಡಿಗೆ ಒಂದೇ ವಿಚಾರ. ಕೊನೆಯ ಬೆಂಚಿನವರಿಗೂ ಕಾಣುವಷ್ಟು ದೊಡ್ಡ ಅಕ್ಷರ. ಕೋಡಿನ ಪುಟವನ್ನೇ ಅಂಟಿಸದೆ ಅದರ ನಾಲ್ಕೈದು ಸಾಲು ಮಾತ್ರ. ನಿಮಿಷಕ್ಕೆ ಒಂದನ್ನು ಮೀರದ ವೇಗ. ಗಡಿಯಾರವನ್ನಿಟ್ಟುಕೊಂಡು, ಎದ್ದು ನಿಂತು, ಬಾಯಿಬಿಟ್ಟು ಎರಡು ಮೂರು ಬಾರಿ ಅಭ್ಯಾಸ ಮಾಡದೆ ಸಭೆಗೆ ಹೋಗಬಾರದು. ಮೊದಲ ಎರಡು ನಿಮಿಷಗಳ ಮಾತನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಂಡರೆ ಸಭಾಕಂಪವು ಬಹುಮಟ್ಟಿಗೆ ತಗ್ಗುತ್ತದೆ. ಪ್ರಶ್ನೆ ಬಂದಾಗ ಅದನ್ನು ಪೂರ್ತಿ ಕೇಳಿ, ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿ, ತಿಳಿದಿದ್ದರೆ ಉತ್ತರಿಸಬೇಕು. ತಿಳಿಯದಿದ್ದರೆ ‘ಇದನ್ನು ನಾವು ಪರೀಕ್ಷಿಸಿಲ್ಲ’ ಎಂದು ನೇರವಾಗಿ ಒಪ್ಪಿಕೊಳ್ಳಬೇಕು. ವೈವಾದಲ್ಲಿ ಪರೀಕ್ಷಕರು ಅಜ್ಞಾನವನ್ನು ಕ್ಷಮಿಸಬಹುದು. ಅಜ್ಞಾನವನ್ನು ಮಾತಿನಿಂದ ಮುಚ್ಚುವ ಯತ್ನವನ್ನು ಕ್ಷಮಿಸುವುದು ಅಪರೂಪ.

ಭಾಷೆಯ ಅಳುಕು

ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಕಾಲೇಜಿಗೆ ಬಂದ ಎಷ್ಟೋ ಬುದ್ಧಿವಂತ ವಿದ್ಯಾರ್ಥಿಗಳು ಇಂಗ್ಲಿಷಿನ ಅಂಜಿಕೆಯಿಂದ ಸೆಮಿನಾರುಗಳಲ್ಲಿ ಹಿಂದೆ ಸರಿಯುತ್ತಾರೆ. ಅವರಿಗೆ ಹೇಳಬೇಕಾದುದಿಷ್ಟು: ಸ್ಪಷ್ಟತೆ ಹುಟ್ಟುವುದು ಆಲೋಚನೆಯಲ್ಲಿ, ಆಲೋಚನೆ ಸರಾಗವಾಗಿ ಹರಿಯುವುದು ತಾಯ್ನುಡಿಯಲ್ಲಿ. ವಿಷಯವನ್ನು ಮೊದಲು ಗೆಳೆಯನಿಗೋ ಮನೆಯವರಿಗೋ ಕನ್ನಡದಲ್ಲಿ ಪೂರ್ತಿಯಾಗಿ ವಿವರಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸಿ, ವಿಚಾರದ ಅನುಕ್ರಮ ಗಟ್ಟಿಯಾದ ಬಳಿಕ ಚಿಕ್ಕ ಚಿಕ್ಕ ಇಂಗ್ಲಿಷು ವಾಕ್ಯಗಳಲ್ಲಿ ಬರೆದುಕೊಂಡರೆ, ದೀರ್ಘವಾಕ್ಯಗಳ ಆಡಂಬರವಿಲ್ಲದ ಆ ನಿರೂಪಣೆಯೇ ಅನೇಕ ವೇಳೆ ಸಭೆಯಲ್ಲಿ ಉತ್ತಮವೆನಿಸಿಕೊಳ್ಳುತ್ತದೆ. ಕನ್ನಡವು ಶಾಸ್ತ್ರಕ್ಕೆ ಸಾಲದೆಂಬ ಮಾತಿಗೆ ಆಧಾರವಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು; ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯ ಹೊಣೆ ಹೊತ್ತರು; ಶಿವರಾಮ ಕಾರಂತರು ಒಬ್ಬರೇ ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು.

ಅಭ್ಯಾಸದ ಕ್ರಮ

ಕಡೆಯದಾಗಿ, ನಾಲ್ಕು ವರ್ಷಗಳಿಗೆ ಹೊಂದುವ ಒಂದು ಕ್ರಮವನ್ನು ಸೂಚಿಸಬಹುದು. ಮೊದಲ ವರ್ಷದಲ್ಲಿ ವಾರಕ್ಕೊಂದು ಪುಟದಂತೆ, ಆ ವಾರ ಕಲಿತ ಒಂದು ವಿಚಾರವನ್ನು ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ, ಉಸಿರು ಕಟ್ಟುವ ವಾಕ್ಯಗಳನ್ನು ಒಡೆಯುವುದು. ಎರಡನೆಯ ವರ್ಷದಲ್ಲಿ ಲ್ಯಾಬ್ ಕೆಲಸಗಳಿಗೆಲ್ಲ ರೀಡ್‌ಮಿ ಬರೆದು ಸಹಪಾಠಿಗಳೊಡನೆ ವಿನಿಮಯ ಮಾಡಿಕೊಂಡು ತಿದ್ದುವುದು. ಕರ್ನಿಗನ್ ಮತ್ತು ರಿಚಿಯವರ 1978ರ ಸಿ ಭಾಷೆಯ ಗ್ರಂಥವನ್ನು, ಭಾಷೆಗಾಗಿ ಮಾತ್ರವಲ್ಲದೆ ನಿರೂಪಣೆಯ ಮಿತವ್ಯಯಕ್ಕಾಗಿಯೂ ಓದುವುದು. ಮೂರನೆಯ ವರ್ಷದಲ್ಲಿ ಮುಕ್ತ ತಂತ್ರಾಂಶವೊಂದರ ಕೈಪಿಡಿಯಲ್ಲಿ ಅಸ್ಪಷ್ಟವಾದ ಭಾಗವನ್ನು ಹುಡುಕಿ ತಿದ್ದಿ ಕಳುಹಿಸುವುದು, ಕನ್ನಡ ವಿಕಿಪೀಡಿಯದಲ್ಲಿ ಗಣಕವಿಷಯದ ಲೇಖನವೊಂದನ್ನು ಬೆಳೆಸುವುದು, ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಲೇಟೆಕ್ ಸಾಧನವನ್ನು ಕಲಿಯುವುದು, ತಿಂಗಳಿಗೊಮ್ಮೆ ಐದು ನಿಮಿಷ ತರಗತಿಯ ಮುಂದೆ ಮಾತನಾಡುವುದು. ಡೊನಾಲ್ಡ್ ಕ್ನೂತ್ 1987ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಗಣಕವಿಜ್ಞಾನದ ಬರವಣಿಗೆಯನ್ನು ಕುರಿತೇ ನಡೆಸಿದ ಪಾಠಗಳ ಟಿಪ್ಪಣಿಗಳು ಪುಸ್ತಕರೂಪದಲ್ಲಿ ದೊರೆಯುತ್ತವೆ; ಅವನ್ನು ಈ ಹಂತದಲ್ಲಿ ಓದುವುದು ಫಲಕಾರಿ. ತಮ್ಮ ಗ್ರಂಥಗಳಲ್ಲಿ ಯಾವುದೇ ತಪ್ಪನ್ನು ಮೊದಲು ತೋರಿಸಿದ ಓದುಗನಿಗೆ 2.56 ಡಾಲರ್ ಬಹುಮಾನ ಸಲ್ಲಿಸುವ ಪದ್ಧತಿಯನ್ನಿಟ್ಟುಕೊಂಡವರು ಅವರೇ. ಟೀಕೆಯನ್ನು ಉಪಕಾರವೆಂದು ಸ್ವೀಕರಿಸುವ ಆ ಮನೋಧರ್ಮವೂ ಕಲಿಯತಕ್ಕ ಪಾಠವೇ. ಇಷ್ಟನ್ನು ಸಾಧಿಸಿದವನಿಗೆ ನಾಲ್ಕನೆಯ ವರ್ಷದ ವರದಿಯೂ ವೈವಾವೂ ಹೊಸ ಹೊರೆಯೆನಿಸವು.

ಕೆಲಸಕ್ಕೆ ಸೇರುವಾಗ ಇದರಿಂದ ಲಾಭವಾಗುವುದು ನಿಜ. ಆದರೆ ಅದೊಂದೇ ಪ್ರಯೋಜನವೆಂದು ತಿಳಿಯಬಾರದು. ಇಂದು ಪಡಿತರದಿಂದ ಮೊದಲ್ಗೊಂಡು ಪಹಣಿಯವರೆಗೆ ಜನಸಾಮಾನ್ಯರ ಬದುಕಿನ ವ್ಯವಹಾರಗಳೆಲ್ಲ ತಂತ್ರಾಂಶದ ಮೂಲಕ ನಡೆಯುತ್ತಿರುವಾಗ, ಆ ತಂತ್ರಾಂಶವು ಏನನ್ನು ಮಾಡುತ್ತದೆ, ಎಲ್ಲಿ ತಪ್ಪಬಹುದು, ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ಅವರ ನುಡಿಯಲ್ಲಿ ಅವರಿಗೆ ತಿಳಿಯುವಂತೆ ಹೇಳಬಲ್ಲವರು ಬೇಕು. ಯಂತ್ರವನ್ನು ನಡೆಸಬಲ್ಲವರು ನಮ್ಮಲ್ಲಿ ಲಕ್ಷಾಂತರ ಮಂದಿ ಸಿದ್ಧರಾಗುತ್ತಿದ್ದಾರೆ. ಅದನ್ನು ವಿವರಿಸಬಲ್ಲವರೂ ಅವರೊಳಗಿನಿಂದಲೇ ಬರಬೇಕು, ಮತ್ತು ಆ ಸಿದ್ಧತೆಯನ್ನು ಇಂದು ಬರೆಯಬೇಕಾಗಿರುವ ಕಮಿಟ್ ಸಂದೇಶದಿಂದಲೇ ಆರಂಭಿಸಬಹುದು.